ಪ್ಯಾನಲ್ ವ್ಯಾಲ್ಯುಯರ್ ಕೆಲಸ ಹಿಡಿಯೋದಾ ಬೇಡ್ವಾ? ಹೆಣ್ಣು ಕೊಡೋರು "ಬ್ರೋಕರಾ" ಅಂತಾವ್ರೆ

ಕ್ಯಾತ್ಸಂದ್ರ_ಸಿವಿಲ್
ಎಲ್ರಿಗೂ ನಮಸ್ಕಾರ. ನಮ್ದು ತುಮಕೂರು, ವಯಸ್ಸು 29, ಸಿವಿಲ್ ಬಿಇ. ಆರು ವರ್ಷದಿಂದ ಒಬ್ಬ ಕಂಟ್ರಾಕ್ಟರ್ ಹತ್ರ ಸೈಟ್ ಇಂಜಿನಿಯರ್, ಸಂಬಳ ಬಂದ್ರೆ ಬಂತು, ಇಲ್ಲಾಂದ್ರೆ ಮುಂದಿನ ಬಿಲ್ ಆದ್ಮೇಲೆ. ನಮ್ಮ ಸೋದರಮಾವ ಎಸ್.ಎಸ್.ಪುರಂನಲ್ಲಿ ಆಫೀಸ್ ಇಟ್ಕೊಂಡು 25 ವರ್ಷದಿಂದ ಬ್ಯಾಂಕುಗಳ ಪ್ಯಾನಲ್ ವ್ಯಾಲ್ಯುಯರ್, ಅಂದ್ರೆ ಸಾಲಕ್ಕೆ ಬರೋ ಸೈಟು ಮನೆಗೆ ಬ್ಯಾಂಕಿನ ಪರವಾಗಿ ಬೆಲೆ ಹಾಕೋ ಕೆಲಸ ಮಾಡ್ತಾವ್ರೆ. ಈಗ ಅವ್ರಿಗೆ ಮಂಡಿ ನೋವು, ಮೂರನೇ ಫ್ಲೋರ್ ಹತ್ತಕ್ಕಾಗಲ್ಲ, "ನೀನು ಬಾರೋ, ಎಕ್ಸಾಮ್ ಬರ್ಕೋ, ಆಫೀಸ್ ನಿನ್ಗೇ" ಅಂತಾರೆ. ನಂಗೂ ಮನ್ಸಿದೆ. ಆದ್ರೆ ಹೋದ ಭಾನುವಾರ ಹೆಣ್ಣು ನೋಡಕ್ಕೆ ಹೋಗಿದ್ವಿ, ಅಲ್ಲಿ ಹುಡುಗಿ ದೊಡ್ಡಪ್ಪ ಕಾಫಿ ಲೋಟ ಹಿಡ್ಕೊಂಡು "ಅಂದ್ರೆ ಬ್ರೋಕರ್ ತರಾನಾ" ಅಂದ್ಬಿಟ್ರು. ನಮ್ಮ ಮಾವನ ಮುಖ ನೋಡ್ಬೇಕಿತ್ತು. ಈ ಫೀಲ್ಡಲ್ಲಿ ಇರೋರು ನಿಜ ಹೇಳಿ, ದುಡ್ಡೆಷ್ಟು ನೆಮ್ಮದಿಯೆಷ್ಟು?

ತಟ್ಟೆ_ಇಡ್ಲಿ_ಭಕ್ತ
ಕ್ಯಾತ್ಸಂದ್ರದಲ್ಲಿದ್ದು ನೆಮ್ಮದಿ ಬೇರೆ ಕೇಳ್ತೀರಲ್ಲ ಗುರು. ಎರಡು ಇಡ್ಲಿ ಹಾಕ್ಸಿ ಮೊದ್ಲು.

ನಂದಿ_ಸೈಟ್ಸ್
ಬ್ರೋಕರ್ ಅಂದ್ರೆ ಬೈಗುಳ ಏನ್ರೀ? ನಾನು ಚಿಕ್ಕಬಳ್ಳಾಪುರದಲ್ಲಿ 14 ವರ್ಷದಿಂದ ಬ್ರೋಕರ್ರು. ಈ ವ್ಯಾಲ್ಯುಯರ್‌ಗಳು ಸೈಟ್ ಹತ್ರ ಬಂದು ಮೊದ್ಲು ಫೋನ್ ಮಾಡೋದೇ ನಮಗೆ, "ಅಣ್ಣ, ಇಲ್ಲಿ ಚದರಡಿ ಏನ್ ನಡೀತೈತೆ" ಅಂತ. ನಾವು ಹೇಳಿದ್ದನ್ನ ಟೈಪ್ ಮಾಡಿ ಸೀಲ್ ಒತ್ತಿ ಫೀಸ್ ತಗೋತಾರೆ, ನಮಗೆ ಒಂದು ಟೀ ಕೂಡ ಇಲ್ಲ.

ಕೋಲಾರದ_ಹಳೇ_ಟೇಪು
ನಂದಿಯವ್ರೇ ನೀವು ಹೇಳಿದ್ರಲ್ಲಿ ಅರ್ಧ ನಿಜ. ಫೋನ್ ಮಾಡ್ತೀವಿ. ಆದ್ರೆ ನೀವು ಹೇಳೋದು ಮಾರೋನು ಕೇಳೋ ರೇಟು, ನಮಗೆ ಬೇಕಾಗಿರೋದು ಕೊಂಡೋನು ಕೊಟ್ಟ ರೇಟು. ಮೂರು ಜನ ಬ್ರೋಕರ್‌ನ ಕೇಳಿ, ಪಕ್ಕದ ಮನೆಯೋರನ್ನ ಕೇಳಿ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಇತ್ತೀಚಿನ ಕ್ರಯಪತ್ರ ನೋಡಿ, ಸರ್ಕಾರದ ಮಾರ್ಗಸೂಚಿ ಬೆಲೆ ಪಕ್ಕದಲ್ಲಿಟ್ಕೊಂಡು ಆಮೇಲೆ ಒಂದು ಅಂಕಿ ಬರೀಬೇಕು. ಆ ಅಂಕಿ ಕೆಳಗೆ ಸೈನ್ ನಂದು, ನಿಮ್ದಲ್ಲ. ಸಾಲ ಮುಳುಗಿದ್ರೆ ಏಳು ವರ್ಷ ಆದ್ಮೇಲೂ ನೋಟಿಸ್ ಬರೋದು ನನ್ನ ಬಾಗಿಲಿಗೆ. ವ್ಯತ್ಯಾಸ ಅಷ್ಟೇನೇ.

ತಮ್ಮಾ ಕ್ಯಾತ್ಸಂದ್ರ, ನಾನು ಕೋಲಾರದಲ್ಲಿ ಸಂಪತ್ತು ತೆರಿಗೆ ಕಾಯ್ದೆ 34ಎಬಿ ಕೆಳಗೆ ರಿಜಿಸ್ಟರ್ ಆದೋನು. ಆ ತೆರಿಗೆನೇ 2015ರ ಬಜೆಟ್‌ನಲ್ಲಿ ಹೋಯ್ತು, ನಮ್ಮ ನಂಬರ್ ಮಾತ್ರ ಉಳ್ಕೊಂಡಿದೆ, ಬ್ಯಾಂಕ್‌ನೋರು ಈಗ್ಲೂ ಅದನ್ನೇ ಕೇಳ್ತಾರೆ. ನೀವು ಹೊಸಬ್ರು, ಕಂಪನಿ ಕಾಯ್ದೆ 247ನೇ ಸೆಕ್ಷನ್ ದಾರೀಲಿ ಐಬಿಬಿಐ, ಅಂದ್ರೆ ವ್ಯಾಲ್ಯುಯರ್‌ಗಳನ್ನ ನೋಂದಾಯಿಸೋ ಕೇಂದ್ರದ ಸಂಸ್ಥೆ, ಅಲ್ಲಿ ರಿಜಿಸ್ಟ್ರೇಷನ್ ಮಾಡಿಸ್ಕೊಳಿ. ಲ್ಯಾಂಡ್ ಅಂಡ್ ಬಿಲ್ಡಿಂಗ್‌ಗೆ ಸಿವಿಲ್ ಡಿಗ್ರಿ ಮೇಲೆ ಐದು ವರ್ಷ ಅನುಭವ ಸಾಕು, ನಿಮಗಿದೆ.

ಮೈನಸ್_ಮಾರ್ಕ್ಸ್
ಸಾಕು ಅಂತ ಸುಲಭವಾಗಿ ಹೇಳ್ಬಿಟ್ರಿ ಸಾರ್. 50 ಗಂಟೆ ಕೋರ್ಸ್ ಮುಗಿಸ್ಬೇಕು, ಆಮೇಲೆ ಕಂಪ್ಯೂಟರ್ ಎಕ್ಸಾಮ್, ಪಾಸಾಗಕ್ಕೆ 60 ಪರ್ಸೆಂಟು, ತಪ್ಪು ಉತ್ತರಕ್ಕೆ ಕಾಲು ಭಾಗ ಕಟ್. ನಾನು ಎರಡು ಸಲ ಡುಮ್ಕಿ. ಸಿವಿಲ್ ಇಂಜಿನಿಯರ್‌ಗೆ ಬಿಲ್ಡಿಂಗ್ ಸವಕಳಿ ಲೆಕ್ಕ ನೀರು ಕುಡ್ದಂಗೆ, ಆದ್ರೆ ಕಾನೂನು, ಅಕೌಂಟ್ಸ್, ಎಕನಾಮಿಕ್ಸ್ ಬಂದ್ರೆ ಪರದೆ ಮೇಲಿನ ಟೈಮರ್ ಓಡೋದೇ ಕಾಣ್ಸುತ್ತೆ.

ಬ್ಯಾಂಕ್_ಕೌಂಟರ್_3
ನಾನು ಲೋನ್ ಸೆಕ್ಷನ್‌ನಲ್ಲಿರೋನು, ಊರು ಹೇಳಲ್ಲ. ಜನಕ್ಕೆ ಅರ್ಥ ಆಗದೇ ಇರೋದು ಏನಂದ್ರೆ ವ್ಯಾಲ್ಯುಯರ್ ನಮ್ಮ ಪರವಾಗಿ ಬರ್ತಾನೆ, ಸಾಲಗಾರನ ಪರವಾಗಿ ಅಲ್ಲ, ಫೀಸ್ ಮಾತ್ರ ಸಾಲಗಾರನ ಜೇಬಿಂದ. ಹಾಗಾಗಿ ಸಾಲಗಾರನಿಗೆ "ನಾನು ದುಡ್ಡು ಕೊಟ್ಟಿದೀನಿ, ನಾನು ಹೇಳಿದ್ದು ಬರೀಲಿ" ಅನ್ನೋ ಭಾವ. ರಿಸರ್ವ್ ಬ್ಯಾಂಕ್ ಲೆಕ್ಕದಲ್ಲಿ ಮನೆ ಸಾಲ 30 ಲಕ್ಷದೊಳಗಿದ್ರೆ ಬೆಲೆಯ 90 ಪರ್ಸೆಂಟ್ ತನಕ, 30ರಿಂದ 75 ಲಕ್ಷ ಆದ್ರೆ 80, ಅದಕ್ಕಿಂತ ಜಾಸ್ತಿ ಆದ್ರೆ 75. ಮನೆ 60 ಲಕ್ಷಕ್ಕೆ ಕೊಳ್ತಾವ್ನೆ ಅನ್ಕೊಳಿ, 48 ಸಿಗುತ್ತೆ, ಕೈಯಿಂದ 12 ಹಾಕ್ಬೇಕು. ಅವನ ಹತ್ರ ಇರೋದು 3. ಆಗ ಶುರು, "ಸಾರ್ 72 ಅಂತ ಬರ್ಸಿ". ಬರೆಯೋ ವ್ಯಾಲ್ಯುಯರ್‌ಗಳೂ ಇದಾರೆ, ನಾನು ಸುಳ್ಳು ಹೇಳಲ್ಲ.

ನಂದಿ_ಸೈಟ್ಸ್
ಬರ್ಸಿ ಅಂತ ಫೋನ್ ಮಾಡೋರಲ್ಲಿ ನಿಮ್ಮ ಬ್ಯಾಂಕ್‌ನೋರು ಎಷ್ಟು ಜನ ಅಂತನೂ ಹೇಳ್ಬಿಡಿ ಸಾರ್. ಮಾರ್ಚ್‌ನಲ್ಲಿ ಟಾರ್ಗೆಟ್ ಯಾರಿಗಿರುತ್ತೆ?

ಬ್ಯಾಂಕ್_ಕೌಂಟರ್_3
ಹ್ಮ್. ಊರು ಹೇಳಲ್ಲ ಅಂದಿದ್ದು ಅದಕ್ಕೇ.

ಶಿಡ್ಲಘಟ್ಟದ_ಸೊಸೆ
ನಾನು ವ್ಯಾಲ್ಯುಯರ್ ಹೆಂಡ್ತಿ, 17 ವರ್ಷ ಆಯ್ತು ಮದ್ವೆಯಾಗಿ. ಆ ಹುಡುಗಿ ಇದನ್ನ ಓದಿದ್ರೆ ಓದ್ಲಿ. ಮಾರ್ಚ್ ತಿಂಗಳು ನಮ್ಮೆಜಮಾನ್ರು ಮನೇಲಿಲ್ಲ ಅಂತಲೇ ಲೆಕ್ಕ, ಬೆಳಿಗ್ಗೆ ಚಿಂತಾಮಣಿ ಮಧ್ಯಾಹ್ನ ಬಾಗೇಪಲ್ಲಿ ರಾತ್ರಿ ಒಂದರ ತನಕ ರಿಪೋರ್ಟು. ಗೃಹಪ್ರವೇಶಕ್ಕೆ ಹೋದ್ರೆ ಪಾನಕದ ಲೋಟ ಕೈಗೆ ಬರೋ ಮುಂಚೆ ಸೀಲಿಂಗ್ ನೋಡ್ತಾರೆ, ಬೀಮ್ ಹತ್ರ ಬಿರುಕಿದ್ರೆ ನನ್ನ ಮೊಣಕೈ ಮುಟ್ತಾರೆ, ನಾನು ಕಣ್ಣು ಬಿಡ್ತೀನಿ, ಸುಮ್ನಿರ್ರೀ ಅಂತ. ಮದುವೆ ಮನೇಲಿ ಊಟಕ್ಕೆ ಕೂತ್ರೆ ಪಕ್ಕದ ಎಲೆಯೋರು "ನಮ್ಮ ಸೈಟ್ ಎಷ್ಟು ಬಾಳುತ್ತೆ ಸ್ವಾಮಿ" ಅಂತಾರೆ. ಡಾಕ್ಟರ್‌ಗೆ ಎಲ್ರೂ ನಾಲ್ಗೆ ತೋರ್ಸ್ತಾರಲ್ಲ, ಹಂಗೇ.

ಅದೆಲ್ಲ ನಗೋ ವಿಷ್ಯ ಬಿಡಿ. ನಗು ಬರದೇ ಇರೋದು ಒಂದಿದೆ. ನಮ್ಮ ಮಾವನವರು ತೀರ್ಕೊಂಡ್ಮೇಲೆ ಮೂರು ಜನ ಅಣ್ಣತಮ್ಮಂದ್ರು ಪಾಲು ಮಾಡ್ಕೊಳ್ಳೋವಾಗ "ನೀನೇ ಇದೀಯಲ್ಲ ಮನೇಲೇ, ಹೊರಗಿನೋರು ಯಾಕೆ, ನೀನೇ ಬೆಲೆ ಹಾಕು" ಅಂದ್ರು. ಇವ್ರು ಬೇಡ ಅಂದ್ರು, ನಾನೇ ಹಾಕಿಕೊಡಿ ಅಂದೆ, ನನ್ನ ಬುದ್ಧಿ. ಹಿಪ್ಪುನೇರಳೆ ತೋಟ, ಊರೊಳಗಿನ ಮನೆ, ರೋಡ್ ಸೈಡ್ ಹತ್ತು ಗುಂಟೆ. ಇವ್ರು ಅಳತೆ ಮಾಡಿ ಬರ್ದು ಕೊಟ್ರು, ಎಲ್ರೂ ಒಪ್ಪಿ ವಿಭಾಗ ಪತ್ರ ರಿಜಿಸ್ಟರ್ ಆಯ್ತು. ಎರಡು ವರ್ಷಕ್ಕೆ ರೋಡ್ ಅಗಲ ಆಯ್ತು, ಹತ್ತು ಗುಂಟೆ ಬೆಲೆ ಹಾರ್ತು, ಅದು ಬಂದಿದ್ದು ನಮ್ಮ ಪಾಲಿಗೆ. ಈಗ ದೊಡ್ಡ ಭಾವ "ಗೊತ್ತಿದ್ದೇ ಮಾಡ್ದ" ಅಂತಾರೆ. ಯುಗಾದಿ ಹೋಳಿಗೆ ಕೊಟ್ಕಳ್ಸಿದ್ರೆ ಡಬ್ಬಿ ಹಂಗೇ ವಾಪಸ್ ಬರುತ್ತೆ.

ಕೋಲಾರದ_ಹಳೇ_ಟೇಪು
ತಂಗೀ, ರಕ್ತಸಂಬಂಧಿಗಳ ಆಸ್ತಿಗೆ ಬೆಲೆ ಹಾಕ್ಬಾರ್ದು ಅಂತ ನಮಗೆ ನಿಯಮನೇ ಇದೆ, ಸ್ವಂತ ಹಿತ ಇರೋ ಕಡೆ ಸೈನ್ ಹಾಕಂಗಿಲ್ಲ. ನಾನೂ ಒಂದ್ಸಲ ಮುರ್ದಿದೀನಿ. ಹೆಚ್ಗೆ ಹೇಳಲ್ಲ.

ಬಂಗಾರಪೇಟೆ_ಬೋರ್‌ವೆಲ್
ನಿಮ್ದೆಲ್ಲ ಸೈಟು ಮನೆ ಕಥೆ ಆಯ್ತು, ನಮ್ಮಂಥ ರೈತ್ರ ಕಥೆ ಕೇಳಿ. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ನಮ್ಮ ಕಡೆ ಎಷ್ಟೋ ಜನ್ರ ಜಮೀನು ಹೋಯ್ತು, ನಮ್ಮ ಚಿಕ್ಕಪ್ಪಂದೂ ಹೋಯ್ತು. ಎಕರೆಗೆ ಊರಲ್ಲಿ ನಡೀತಿದ್ದ ರೇಟೇ ಬೇರೆ, ಆಫೀಸ್‌ನೋರು ತೋರ್ಸಿದ ರೇಟೇ ಬೇರೆ. ಯಾಕ್ಸಾಮಿ ಹಿಂಗೆ ಅಂದ್ರೆ ನಿಮ್ಮೂರ ಪತ್ರಗಳಲ್ಲಿ ಇರೋದೇ ಇಷ್ಟು ಅಂದ್ರು. ಯಾವ ವ್ಯಾಲ್ಯುಯರ್ರೂ ನಮ್ಮ ಪರ ಬರ್ಲಿಲ್ಲ.

ಕರಿಕೋಟು_ಅಕ್ಕ
ಅಣ್ಣ ಕೋಪ ಮಾಡ್ಕೋಬೇಡಿ, ಆಫೀಸ್‌ನೋರು ಹೇಳಿದ್ರಲ್ಲಿ ಕಾನೂನಿದೆ. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಹಿಂದಿನ ಮೂರು ವರ್ಷದಲ್ಲಿ ಅಕ್ಕಪಕ್ಕ ಆಗಿರೋ ಕ್ರಯಪತ್ರ ತಗೊಂಡು ಅದರಲ್ಲಿ ಜಾಸ್ತಿ ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ ಹಾಕ್ತಾರೆ, ಮಾರ್ಗಸೂಚಿ ಬೆಲೆ ಜೊತೆ ಹೋಲ್ಸಿ ಯಾವ್ದು ಜಾಸ್ತಿನೋ ಅದು, ಆಮೇಲೆ ಅದಕ್ಕೆ ಗುಣಕ, ಅದರ ಮೇಲೆ ನೂರಕ್ಕೆ ನೂರು ಸೊಲೇಷಿಯಂ, ಅಂದ್ರೆ ಬಲವಂತವಾಗಿ ತಗೊಂಡಿದ್ದಕ್ಕೆ ಹೆಚ್ಚುವರಿ ಪರಿಹಾರ. ಲೆಕ್ಕ ಚೆನ್ನಾಗೇ ಇದೆ. ಆದ್ರೆ ಊರಲ್ಲಿ ಎಲ್ರೂ ಸ್ಟಾಂಪ್ ಡ್ಯೂಟಿ ಉಳ್ಸಕ್ಕೆ ಪತ್ರದಲ್ಲಿ ಕಾಲು ಭಾಗ ಬರ್ಸಿ ಮಿಕ್ಕಿದ್ದು ಕೈಯಲ್ಲಿ ಎಣಿಸ್ಕೊಂಡಿದ್ರೆ ಆ ಸರಾಸರಿ ಎಲ್ಲಿಂದ ಏಳುತ್ತೆ?

ಬಂಗಾರಪೇಟೆ_ಬೋರ್‌ವೆಲ್
ಬರ್ಸಿದ್ದು ನಾವಲ್ಲ ಅಕ್ಕ, ಬೆಂಗಳೂರಿಂದ ಬಂದು ಕೊಂಡೋರು. ನಮ್ಮ ಚಿಕ್ಕಪ್ಪ ಒಂದು ಗುಂಟೆನೂ ಮಾರ್ದೋನಲ್ಲ. ಯಾರೋ ಉಳ್ಸಿದ ಡ್ಯೂಟಿಗೆ ಯಾರೋ ದಂಡ ಕಟ್ಟಿದಂಗಾಯ್ತು.

ಕರಿಕೋಟು_ಅಕ್ಕ
ಅದು ನಿಜ. ಅದಕ್ಕೆ ನನ್ಹತ್ರ ಉತ್ತರ ಇಲ್ಲ. ಆದ್ರೆ ಪರಿಹಾರ ಸಾಲ್ದು ಅಂತ ಆರ್ಬಿಟ್ರೇಟರ್ ಮುಂದೆ ಹೋಗೋ ಅವಕಾಶ ಇತ್ತು, ಅಲ್ಲಿ ಒಳ್ಳೆ ವ್ಯಾಲ್ಯುಯರ್ ರಿಪೋರ್ಟ್ ಕೆಲಸಕ್ಕೆ ಬರುತ್ತೆ, ತೆಂಗಿನ ಮರ, ಬೋರು, ಪೈಪ್‌ಲೈನ್ ಎಲ್ಲ ಬೇರೆ ಬೇರೆ ಲೆಕ್ಕ.

ತಟ್ಟೆ_ಇಡ್ಲಿ_ಭಕ್ತ
ಹುಡುಗ ಮದುವೆ ಬಗ್ಗೆ ಕೇಳಿದ್ದಕ್ಕೆ ನೀವು ಎಕ್ಸ್‌ಪ್ರೆಸ್‌ವೇ ಹತ್ತಿ ಚೆನ್ನೈಗೆ ಹೋಗ್ಬಿಟ್ರಲ್ಲಪ್ಪ.

ಕೋಲಾರದ_ಹಳೇ_ಟೇಪು
ಸರಿ ವಾಪಸ್ ಬರ್ತೀನಿ, ಆದ್ರೆ ಕೆಜಿಎಫ್‌ನಲ್ಲಿ ಒಂದು ಸ್ಟಾಪ್ ಇದೆ. ಈ ಕೆಲಸದಲ್ಲಿ ಏನು ರುಚಿ ಅಂತ ಗೊತ್ತಾಗ್ಲಿ ಅಂತ ಹೇಳ್ತೀನಿ. 2001ಕ್ಕಿಂತ ಹಳೇ ಆಸ್ತಿ ಮಾರ್ದಾಗ ಬಂದ ಲಾಭ ಎಷ್ಟು ಅಂತ ಲೆಕ್ಕ ಹಾಕಕ್ಕೆ, ಇನ್‌ಕಮ್ ಟ್ಯಾಕ್ಸ್‌ಗೆ 1-4-2001ಕ್ಕೆ ಅದರ ಬೆಲೆ ಎಷ್ಟಿತ್ತು ಅಂತ ರಿಪೋರ್ಟ್ ಕೊಡ್ಬೇಕು. ರಾಬರ್ಟ್‌ಸನ್‌ಪೇಟೆಯ ಒಂದು ಅಂಗಡಿ ಮನೆ ಹಂಗೇ ನನ್ಹತ್ರ ಬಂತು. ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಲೆಕ್ಕ ಹಾಕ್ಬೇಕಾಗಿರೋ ದಿನ ಅದಾಗಿ ಒಂದು ತಿಂಗಳು ಮಾತ್ರ! ಊರಿಗೆ ಊರೇ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದ ತಿಂಗಳು. ಯಾರ್ರೀ ಆಗ ರಾಬರ್ಟ್‌ಸನ್‌ಪೇಟೆಯಲ್ಲಿ ಅಂಗಡಿ ಕೊಳ್ತಿದ್ರು? ಓನರ್ ಹೇಳ್ತಾನೆ ಬೆಲೆ ಜಾಸ್ತಿ ಹಾಕಿ, ಟ್ಯಾಕ್ಸ್ ಕಮ್ಮಿ ಆಗುತ್ತೆ. ನಾನು ಆ ಏಪ್ರಿಲ್ 1ನೇ ತಾರೀಕು ಆ ಬೀದೀಲಿ ನಿಂತ್ಕೊಂಡು ನೋಡ್ದಂಗೆ ಬರೀಬೇಕು. ಹಳೇ ಪತ್ರ ಹುಡುಕಿ, ಅಲ್ಲಿನ ವಯಸ್ಸಾದ ಸೇಟುಗಳ ಹತ್ರ ಕೂತು ಕೇಳಿ, ಬಾಡಿಗೆ ರಸೀದಿ ಹಿಡಿದು ಕಟ್ಟಿದ್ದು. ಫೀಸ್ ಬಂದಿದ್ದು ಎಷ್ಟು ಅನ್ನೋದು ಬೇಡ, ಪೆಟ್ರೋಲ್ ಗಿಟ್ತು.

ನಂದಿ_ಸೈಟ್ಸ್
ನಮ್ಮ ಕಡೆ ಅದು ಉಲ್ಟಾ. 2001ರಲ್ಲಿ ದೇವನಹಳ್ಳಿಯಿಂದ ಈಚೆ ಯಾರೂ ಕೇಳೋರಿರ್ಲಿಲ್ಲ, 2008ಕ್ಕೆ ಏರ್‌ಪೋರ್ಟ್ ಶುರುವಾದ್ಮೇಲೆ ದ್ರಾಕ್ಷಿ ತೋಟದೋರೆಲ್ಲ ಗುಂಟೆ ಲೆಕ್ಕ ಮರ್ತು ಚದರಡಿ ಲೆಕ್ಕ ಕಲ್ತ್ರು. ಅದಕ್ಕೇ 2001ಕ್ಕೆ ಜಾಸ್ತಿ ತೋರ್ಸಿ ಅಂತ ಒದ್ದಾಡ್ತಾರೆ.

ಕರಿಕೋಟು_ಅಕ್ಕ
ಈಗ ಮನಸ್ಸಿಗೆ ಬಂದಂಗೆ ತೋರ್ಸಕ್ಕಾಗಲ್ಲ. 2020ರ ತಿದ್ದುಪಡಿ ಆದ್ಮೇಲೆ ಜಮೀನು ಕಟ್ಟಡಕ್ಕೆ 2001ರ ಬೆಲೆ ಆಗಿನ ಸ್ಟಾಂಪ್ ಡ್ಯೂಟಿ ಬೆಲೆ ದಾಟೋ ಹಾಗಿಲ್ಲ. ಹಳೇ ಟೇಪು ಸಾರ್ ಅದನ್ನ ಬಿಟ್ಬಿಟ್ರಿ.

ಕೋಲಾರದ_ಹಳೇ_ಟೇಪು
ಬಿಟ್ಟಿಲ್ಲಮ್ಮ, ನಾನು ಹೇಳಿದ್ದು ಅದಕ್ಕಿಂತ ಹಿಂದಿನ ಕೇಸು. ಈ ಲಾಯರ್‌ಗಳ ಮುಂದೆ ಕಥೆ ಹೇಳೋದೇ ಕಷ್ಟ.

ಕ್ಯಾತ್ಸಂದ್ರ_ಸಿವಿಲ್
ಎಲ್ರಿಗೂ ಥ್ಯಾಂಕ್ಸ್. ನಾನು ಇನ್ನೊಂದು ವಿಷ್ಯ ಬರೀಬೇಕು, ಮೊದ್ಲೇ ಬರೀಬೇಕಿತ್ತು, ಧೈರ್ಯ ಆಗ್ಲಿಲ್ಲ. ಆವತ್ತು ಹೆಣ್ಣಿನ ಅಪ್ಪ "ನಮ್ಮ ಮಗಳಿಗೆ ಅಂತ ಒಂದು 30-40 ಸೈಟ್ ತೆಗ್ದಿಟ್ಟಿದೀನಿ, ನೀವು ಹೆಂಗೂ ಅದೇ ಲೈನಲ್ಲಿದೀರಲ್ಲ, ಸುಮ್ನೆ ಒಂದ್ಸಲ ಕಣ್ಣಾಡಿಸಿ" ಅಂತ ಫೈಲ್ ತಂದು ನಮ್ಮ ಮಾವನ ಕೈಗೆ ಕೊಟ್ರು. ಗುಬ್ಬಿ ಕಡೆ ಒಂದು ಲೇಔಟು. ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ 2023ರಲ್ಲಿ ಉದ್ಘಾಟನೆ ಆಯ್ತಲ್ಲ, ಅದರ ಹೆಸ್ರಲ್ಲೇ ಆ ಕಡೆ ಎಲ್ಲ ಮಾರ್ತಿರೋದು. ಪಂಚಾಯ್ತಿ 11ಬಿ ಖಾತೆ ಇದೆ, ಇಸಿ (ಋಣಭಾರ ಪತ್ರ) ಕ್ಲೀನು. ನಮ್ಮ ಮಾವ ಪುಟ ತಿರುವ್ತಾ ತಿರುವ್ತಾ ಒಂದ್ಕಡೆ ನಿಂತ್ಬಿಟ್ರು. ಹಳೇ ಕೈಬರಹದ ಪಹಣಿ ಜೆರಾಕ್ಸು. ಏನೂ ಮಾತಾಡ್ದೆ ಫೈಲ್ ಮುಚ್ಚಿ "ಚೆನ್ನಾಗಿದೆ" ಅಂದ್ರು. ಕಾರಲ್ಲಿ ಬರ್ತಾ ಹೇಳಿದ್ರು, ಅದು ಮಂಜೂರಾತಿ ಜಮೀನು, ಪಿಟಿಸಿಎಲ್ ಇರೋ ಹಂಗಿದೆ, ಮಾರಕ್ಕೆ ಸರ್ಕಾರದ ಪರ್ಮಿಷನ್ ತಗೊಂಡಿರೋ ಕಾಗದ ಫೈಲಲ್ಲಿ ಇಲ್ಲ ಅಂತ. ಹುಡುಗಿ ನಂಗಿಷ್ಟ ಆಗವ್ಳೆ. ಅವ್ರಪ್ಪಂಗೆ ಹೇಳ್ಬೇಕಾ? ಹೇಳಿದ್ರೆ "ಸೈಟ್ ಮೇಲೆ ಕಣ್ಣು" ಅಂತಾರೆ, ಹೇಳ್ದೆ ಮದುವೆ ಆದ್ರೆ ಜೀವನಪೂರ್ತಿ ಗೊತ್ತಿದ್ದೂ ಸುಮ್ನಿದ್ದಂಗೆ.

ತಟ್ಟೆ_ಇಡ್ಲಿ_ಭಕ್ತ
ತಡೀರಿ, ಯಾವ ಮಾವ ಯಾರಿಗೆ ಹೇಳ್ಬೇಕು? ಸೋದರಮಾವ ಹೆಣ್ಣು ಕೊಡೋ ಮಾವಂಗಾ? ಫ್ಯಾಮಿಲಿ ಟ್ರೀ ಹಾಕಿ ಗುರು.

ಕರಿಕೋಟು_ಅಕ್ಕ
ತಮಾಷೆ ಸಾಕು. ಇದು ಗಂಭೀರ. ಪಿಟಿಸಿಎಲ್ ಅಂದ್ರೆ 1978ರ ಕಾಯ್ದೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಪೂರ್ವಾನುಮತಿ ಇಲ್ದೆ ಮಾರಿದ್ರೆ ಆ ಮಾರಾಟನೇ ಅಸಿಂಧು. ಎಷ್ಟು ಕೈ ಬದಲಾಗಿದೆ, ನೀವು ಎಷ್ಟು ಕೊಟ್ಟಿದೀರ ಅನ್ನೋದು ಲೆಕ್ಕಕ್ಕಿಲ್ಲ, ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಿದ್ರೆ ಜಮೀನು ವಾಪಸ್. ಮೊದ್ಲು ಕೋರ್ಟಲ್ಲಿ "ತುಂಬಾ ತಡವಾಗಿ ಬಂದಿದೀರ" ಅಂತ ಅರ್ಜಿ ಬಿದ್ದೋಗ್ತಿತ್ತು, 2023ರ ತಿದ್ದುಪಡೀಲಿ ಕಾಲಮಿತಿ ಇಲ್ಲ ಅಂತ ಸೇರ್ಸಿದ್ರು. ಇಸಿ ಕ್ಲೀನ್ ಅಂತೀರಲ್ಲ, ಆನ್‌ಲೈನ್ ಇಸಿ 2004ರಿಂದ ಈಚೆಗೆ, ಮಂಜೂರಾಗಿದ್ದು ಅದಕ್ಕಿಂತ ಎಷ್ಟು ಹಿಂದೆ ಇರ್ಬೋದು. ಅಂದಹಾಗೆ ಮಂಜೂರಾತಿ ಅಂದ ತಕ್ಷಣ ಪಿಟಿಸಿಎಲ್ ಅಂತಲ್ಲ, ಬೇರೆಯೋರಿಗೂ ಮಂಜೂರಾಗಿರುತ್ತೆ. ಮೂಲ ಕಡತ ನೋಡ್ಬೇಕು. ಟೈಟಲ್ ನೋಡೋದು ವ್ಯಾಲ್ಯುಯರ್ ಕೆಲಸ ಅಲ್ಲ, ಲಾಯರ್ ಕೆಲಸ. ನಿಮ್ಮ ಮಾವ ಒಳ್ಳೇ ಕಣ್ಣಿರೋರು, ಆದ್ರೆ ತೀರ್ಪು ಕೊಡೋದು ಬೇಡ.

ನಂದಿ_ಸೈಟ್ಸ್
ಇವೆಲ್ಲ ಕಾಸು ಕೊಟ್ರೆ ಸೆಟ್ಲ್ ಆಗುತ್ತೆ. ಮೂಲ ಮಂಜೂರುದಾರನ ಮಕ್ಕಳ ಹತ್ರ ಒಂದು ಸಹಿ ಹಾಕ್ಸ್ಕೊಂಡ್ರೆ ಆಯ್ತು. ಮದ್ವೆ ಮಾಡ್ಕೋ ತಮ್ಮ.

ಪಾವಗಡ_ಬಿಸಿಲು
ಆ "ಮೂಲ ಮಂಜೂರುದಾರನ ಮಕ್ಕಳು" ಅಂತೀರಲ್ಲ ಸಾರ್, ನಾನು ಅಂಥ ಒಬ್ರ ಮೊಮ್ಮಗ. ನಮ್ಮ ತಾತಂಗೆ ಎರಡು ಎಕರೆ ಮಂಜೂರಾಗಿತ್ತು. ಅಜ್ಜಿ ಆಸ್ಪತ್ರೆ ಖರ್ಚಿಗೆ ಅಂತ ಊರಿನ ಒಬ್ರ ಹತ್ರ ಸಾಲ ತಗೊಂಡ್ರು, ಹೆಬ್ಬೆಟ್ಟು ಒತ್ತಿದ್ದು ಸಾಲದ ಪತ್ರ ಅನ್ಕೊಂಡು, ಅದು ಕ್ರಯಪತ್ರ. ಅಪ್ಪ ಅದೇ ಜಮೀನಲ್ಲಿ ಕೂಲಿ ಮಾಡಿದ್ರು. ಕೇಸ್ ಹಾಕಿದೀವಿ, ನಡೀತಿದೆ. ಒಂದು ಸಹಿಗೆ ಎಷ್ಟು ಕಾಸು ಅಂತ ನಮ್ಮನೆ ಬಾಗಿಲಿಗೂ ಬಂದಿದ್ರು, ಕಾರಲ್ಲಿ.

ಕ್ಯಾತ್ಸಂದ್ರದವ್ರೇ, ನಿಮ್ಮ ಮಾವ ಫೈಲ್ ಮುಚ್ಚಿ "ಚೆನ್ನಾಗಿದೆ" ಅಂದ್ರಲ್ಲ, ನನಗೆ ಓದಿದಾಗ ಅಲ್ಲೇ ಸಿಟ್ಟು ಬಂದಿದ್ದು. ಇಂಥ ಎಷ್ಟು ಫೈಲುಗಳಿಗೆ ಎಷ್ಟು ಜನ ಚೆನ್ನಾಗಿದೆ ಅಂದಿರ್ಬೋದು.

ನಂದಿ_ಸೈಟ್ಸ್
ಆಯ್ತು, ನಾನು ಹಗುರವಾಗಿ ಮಾತಾಡ್ದೆ. ತಪ್ಪಾಯ್ತು ಬ್ರದರ್.

ಬ್ಯಾಂಕ್_ಕೌಂಟರ್_3
ನಮ್ಮ ಕಡೆಯಿಂದ ಹೇಳೋದಾದ್ರೆ ಆ ಸೈಟ್ ಮೇಲೆ ಮನೆ ಕಟ್ಟಕ್ಕೆ ಸಾಲ ಕೇಳಿದ ದಿನ ಪ್ಯಾನಲ್ ಲಾಯರ್ ಕೈಲಿ ಇದು ಸಿಕ್ಕಾಕೊಳ್ಳುತ್ತೆ. ಆಗ ಹೆಂಡ್ತಿ ಎದುರು "ನಂಗೆ ಗೊತ್ತಿತ್ತು" ಅನ್ನೋದಕ್ಕಿಂತ ಈಗ್ಲೇ ಹೇಳೋದು ವಾಸಿ.

ಶಿಡ್ಲಘಟ್ಟದ_ಸೊಸೆ
ಅಪ್ಪಂಗಲ್ಲ ಹುಡುಗಿಗೆ ಹೇಳಪ್ಪ. ಸೈಟ್ ಅವಳ ಹೆಸ್ರಿಗೆ ತಾನೇ ಬರೋದು. ನಮ್ಮನೇಲಿ ಎಲ್ಲ ಲೆಕ್ಕ ಗಂಡಸ್ರೇ ಮಾತಾಡಿಕೊಂಡು ಕೊನೆಗೆ ಹೋಳಿಗೆ ಡಬ್ಬಿ ವಾಪಸ್ ತಗೊಂಡಿದ್ದು ನಾನು.

ಮೈನಸ್_ಮಾರ್ಕ್ಸ್
ಅಯ್ಯೋ, ಕಾನೂನು ಪೇಪರ್‌ಗೆ ಇದನ್ನೆಲ್ಲ ಹಿಂಗೆ ಕಥೆ ತರ ಹೇಳ್ಕೊಟ್ಟಿದ್ರೆ ನಾನು ಪಾಸಾಗ್ತಿದ್ದೆ.

ಕೋಲಾರದ_ಹಳೇ_ಟೇಪು
ಪಾವಗಡದವ್ರ ಮಾತು ತಗೊಂಡೆ. ನಾನೂ ಎಷ್ಟೋ ಫೈಲ್‌ಗಳಲ್ಲಿ "ಟೈಟಲ್ ವಿಚಾರ ವಕೀಲರ ಅಭಿಪ್ರಾಯಕ್ಕೆ ಒಳಪಟ್ಟಿದೆ" ಅಂತ ಒಂದು ಸಾಲು ಹಾಕಿ ಕೈ ತೊಳ್ಕೊಂಡೋನು. ಆ ಸಾಲು ನಮ್ಮೆಲ್ಲರ ರಿಪೋರ್ಟಲ್ಲೂ ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಇರುತ್ತೆ, ಹುಡುಗ, ನೀನೂ ಹಾಕ್ತೀಯ. ಸುಳ್ಳಲ್ಲ ಅದು. ಆದ್ರೆ ಕಣ್ಣಿಗೆ ಬಿದ್ದಿದ್ದನ್ನ ಬಾಯಲ್ಲಿ ಹೇಳಕ್ಕೆ ಯಾವ ನಿಯಮವೂ ಅಡ್ಡ ಇಲ್ಲ. ತಾಲ್ಲೂಕು ಕಚೇರೀಲಿ ಮಂಜೂರಾತಿ ಕಡತದ ದೃಢೀಕೃತ ನಕಲಿಗೆ ಅರ್ಜಿ ಹಾಕ್ಸಿ, ಸರ್ವೆ ನಂಬರ್ ಜೊತೆ ಹಳೇ ಮ್ಯುಟೇಷನ್ನೂ ಕೇಳಿ. ಕೈಗೆ ಕಾಗದ ಬರೋ ತನಕ ಯಾರನ್ನೂ ಕಳ್ಳ ಅನ್ಬೇಡಿ, ಹುಡುಗಿ ಅಪ್ಪನೂ ಮೋಸ ಹೋಗಿರೋನೇ ಇರ್ಬೋದು.

ಕ್ಯಾತ್ಸಂದ್ರ_ಸಿವಿಲ್
ನಾಲ್ಕು ದಿನ ಆದ್ಮೇಲೆ ಬರೀತಿದೀನಿ. ಮೊದ್ಲು ಮಾವನ ಹತ್ರ, ಸೋದರಮಾವನ ಹತ್ರ, ಪಾವಗಡದವ್ರು ಬರ್ದಿದ್ದನ್ನ ಓದಿಸ್ದೆ. ಕನ್ನಡಕ ತೆಗ್ದು ಒರೆಸ್ಕೊಂಡು "ನಮ್ಮ ಕಾಲದಲ್ಲಿ ನೆಂಟಸ್ತಿಕೆ ಮನೇಲಿ ಹಂಗೆಲ್ಲ ಹೇಳ್ತಿರ್ಲಿಲ್ಲ ಕಣೋ" ಅಂದ್ರು, ಆಮೇಲೆ ಅವ್ರೇ ಹುಡುಗಿ ಅಪ್ಪಂಗೆ ಫೋನ್ ಮಾಡಿದ್ರು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ "ವಿಚಾರ ಮಾಡಿ ಹೇಳ್ತೀನಿ" ಅಂತ ಇಟ್ಬಿಟ್ರು. ಆ ದೊಡ್ಡಪ್ಪ ಇನ್ಯಾರ ಹತ್ರನೋ "ಬ್ರೋಕರ್ ಬುದ್ಧಿ ತೋರ್ಸಿದ್ರು" ಅಂದ್ರಂತೆ.

ಕೋರ್ಸಿಗೆ ದುಡ್ಡು ಕಟ್ಟಿದೀನಿ. ಹುಡುಗಿ ಅಪ್ಪ ಎರಡು ದಿನದಿಂದ ಫೋನ್ ಮಾಡಿಲ್ಲ. ಆದ್ರೆ ನಿನ್ನೆ ರಾತ್ರಿ ಹನ್ನೊಂದಕ್ಕೆ ಹುಡುಗಿ ವಾಟ್ಸಾಪ್‌ನಲ್ಲಿ ಆ ಪಹಣಿ ಫೋಟೋ ಕಳ್ಸಿ "ಇದರಲ್ಲಿ ಕಾಲಂ 10 ಅಂದ್ರೆ ಏನು?" ಅಂತ ಕೇಳಿದ್ಲು. ಕಬ್ಜೆ ಹೆಂಗೆ ಬಂತು ಅಂತ ಬರ್ಯೋ ಜಾಗ ಅಂದೆ. "ಹಂಗಾದ್ರೆ 9 ಏನು, 11 ಏನು" ಅಂದ್ಲು. ಒಂದೂವರೆ ತನಕ ಪಹಣಿ ಓದಿದ್ವಿ.

ತಟ್ಟೆ_ಇಡ್ಲಿ_ಭಕ್ತ
ಕಾಲಂ 12ಕ್ಕೆ ಬಂದಾಗ ಹೇಳಿ, ಇಡ್ಲಿ ನಂದು.